ಕಿಡ್ನಿ ನೋಯುವುದಿಲ್ಲ, ಮೂತ್ರವೇ ಮೊದಲು ಹೇಳುತ್ತದೆ

ಮುಂಬಯಿಯ ಕನ್ನಡ ಸಂಘಗಳು ಏರ್ಪಡಿಸುವ ಆರೋಗ್ಯ ಶಿಬಿರಗಳಲ್ಲಿ ಬಿ.ಪಿ., ಶುಗರ್ ತಪಾಸಣೆಗೆ ಉದ್ದನೆಯ ಸಾಲು ಇರುತ್ತದೆ. ಮೂತ್ರ ಪರೀಕ್ಷೆ ಎಂದೊಡನೆ 'ನಮಗೇನೂ ತೊಂದರೆಯಿಲ್ಲ' ಎಂದು ಜಾರಿಕೊಳ್ಳುವವರೇ ಹೆಚ್ಚು. ಆದರೆ ಕಿಡ್ನಿಯನ್ನು ಕೆಲವೇ ವಾರಗಳಲ್ಲಿ ಹಾಳುಮಾಡಬಲ್ಲ ಒಂದು ಕಾಯಿಲೆಯ ಸುಳಿವು ಸಿಗುವುದು ಈ ಅಗ್ಗದ ಪರೀಕ್ಷೆಯಲ್ಲೇ. ಅದುವೇ ರಕ್ತನಾಳಗಳ ಉರಿಯೂತ. ವೈದ್ಯರು ಇದನ್ನು ವಾಸ್ಕುಲೈಟಿಸ್ ಎನ್ನುತ್ತಾರೆ.

ಕಾವಲುಗಾರನೇ ಕೈಯೆತ್ತಿದಾಗ

ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ಕೆಲವೊಮ್ಮೆ ದಾರಿತಪ್ಪಿ ನಮ್ಮದೇ ರಕ್ತನಾಳಗಳ ಮೇಲೆ ಎರಗುತ್ತದೆ. ಪ್ರತಿಯೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಅವು ಕೂದಲಿಗಿಂತಲೂ ತೆಳುವಾದ ರಕ್ತನಾಳಗಳ ಗಂಟುಗಳು. ಉರಿಯೂತದಿಂದ ಅವು ಒಡೆದಾಗ ರಕ್ತಕಣ ಮತ್ತು ಪ್ರೋಟೀನ್ ಮೂತ್ರಕ್ಕೆ ಸೋರುತ್ತವೆ. ಇಷ್ಟೆಲ್ಲ ಆದರೂ ನೋವಿರುವುದಿಲ್ಲ. ಈ ಕಾಯಿಲೆ ಅಪರೂಪದ್ದು, ಆದರೆ 50 ದಾಟಿದವರಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಇದು ಅಂಟುರೋಗವಲ್ಲ.

ಲಕ್ಷಣಗಳು

ಕಾರಣವಿಲ್ಲದ ಜ್ವರ, ಸುಸ್ತು, ತೂಕ ಇಳಿಕೆ, ಕೀಲುನೋವು, ವಾಸಿಯಾಗದ ಸೈನಸ್ ತೊಂದರೆ, ಮೂಗಿನಲ್ಲಿ ರಕ್ತ, ಕೆಮ್ಮಿದಾಗ ರಕ್ತ, ಕಾಲಿನಲ್ಲಿ ಕೆನ್ನೀಲಿ ಚುಕ್ಕೆಗಳು, ಪಾದಗಳ ಜೋಮು, ಕಣ್ಣು ಕೆಂಪಾಗುವುದು. ಒಂದೊಂದಕ್ಕೆ ಒಬ್ಬೊಬ್ಬ ಡಾಕ್ಟರರ ಬಳಿ ಹೋಗುವುದರಿಂದ ಎಲ್ಲವೂ ಒಂದೇ ಕಾಯಿಲೆಯೆಂದು ಹೊಳೆಯುವಾಗ ತಡವಾಗಿರುತ್ತದೆ. ಜ್ವರ, ತೂಕ ಇಳಿಕೆ, ರಕ್ತದ ಕೆಮ್ಮು ಟಿ.ಬಿ.ಯಲ್ಲೂ ಇರುವುದರಿಂದ ನಮ್ಮ ದೇಶದಲ್ಲಿ ಗೊಂದಲ ಇನ್ನೂ ಹೆಚ್ಚು. ಕಫದಲ್ಲಿ ಟಿ.ಬಿ. ರೋಗಾಣು ಸಿಗದೆ, ಮೂತ್ರದಲ್ಲಿ ರಕ್ತವಿದ್ದರೆ ವಾಸ್ಕುಲೈಟಿಸ್ ಇರಬಹುದೇ ಎಂದು ವೈದ್ಯರನ್ನು ಕೇಳಿ. ಹಾಗೆಂದು ಟಿ.ಬಿ. ಔಷಧವನ್ನು ತಾವಾಗಿ ನಿಲ್ಲಿಸಬಾರದು. ಕೀಲುನೋವಿಗೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದೂ ಕಿಡ್ನಿಗೆ ಅಪಾಯ.

ಮೂತ್ರ ನೊರೆಯಾಗಿ ಅಥವಾ ಚಹಾದ ಬಣ್ಣದಲ್ಲಿದ್ದರೆ, ಕಾಲು ಊದಿಕೊಂಡರೆ ತಡಮಾಡಬೇಡಿ. ಎಷ್ಟೋ ಬಾರಿ ಮೂತ್ರ ನೋಡಲು ಸಾಧಾರಣವಾಗಿಯೇ ಇದ್ದು, ರಕ್ತಕಣ ಪರೀಕ್ಷೆಯಲ್ಲಿ ಮಾತ್ರ ಕಾಣುತ್ತದೆ. ಜೊತೆಗೆ ರಕ್ತದ ಕ್ರಿಯಾಟಿನಿನ್ ನೋಡಬೇಕು. ಸಂಶಯ ಬಂದರೆ ಕಿಡ್ನಿ ತಜ್ಞರು 'ಆಂಕಾ' ಎಂಬ ರಕ್ತ ಪರೀಕ್ಷೆ ಮತ್ತು ಬಯಾಪ್ಸಿ ಮಾಡಿಸುತ್ತಾರೆ.

ಚಿಕಿತ್ಸೆ ಇದೆ

1958ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ವರದಿಯಂತೆ, ಸರಿಯಾದ ಚಿಕಿತ್ಸೆಯಿಲ್ಲದ ಆ ಕಾಲದಲ್ಲಿ ಈ ಗುಂಪಿನ ಒಂದು ಕಾಯಿಲೆಯ 100 ರೋಗಿಗಳಲ್ಲಿ 82 ಮಂದಿ ಒಂದೇ ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. 1970ರ ದಶಕದಿಂದ ಸ್ಟೀರಾಯ್ಡ್ ಜೊತೆಗೆ ಸೈಕ್ಲೋಫಾಸ್ಫಮೈಡ್ ಬಳಕೆಗೆ ಬಂದು ಚಿತ್ರ ಬದಲಾಯಿತು. 2010ರಲ್ಲಿ ಪ್ರಕಟವಾದ ಅಧ್ಯಯನಗಳು ರಿಟುಕ್ಸಿಮ್ಯಾಬ್ ಕೂಡ ಅಷ್ಟೇ ಪರಿಣಾಮಕಾರಿ ಎಂದು ತೋರಿಸಿದವು. ಸ್ಟೀರಾಯ್ಡ್ ಪ್ರಮಾಣವನ್ನು ಬೇಗನೆ ಇಳಿಸಿದರೂ ಫಲಿತಾಂಶ ಕೆಡುವುದಿಲ್ಲ, ಸೋಂಕು ಕಡಿಮೆಯಾಗುತ್ತದೆ ಎಂದು 2020ರ ಅಧ್ಯಯನವೊಂದು ತಿಳಿಸಿತು.

ಇಂದು ಬಹುಪಾಲು ರೋಗಿಗಳಲ್ಲಿ ಕಾಯಿಲೆ ಹತೋಟಿಗೆ ಬರುತ್ತದೆ. ಆದರೆ ಗಾಯ ಒಣಗಿ ಕಲೆಗಟ್ಟಿದ ಜರಡಿ ಮತ್ತೆ ಕೆಲಸ ಮಾಡದು. ಚಿಕಿತ್ಸೆ ಆರಂಭವಾಗುವಾಗ ಕಿಡ್ನಿ ಎಷ್ಟು ಉಳಿದಿದೆ ಎಂಬುದರ ಮೇಲೆ ಮುಂದಿನ ಬಾಳು ನಿಂತಿದೆ. ತಡವಾದರೆ ಡಯಾಲಿಸಿಸ್ ಬೇಕಾಗಬಹುದು. ಕಾಯಿಲೆ ಮರುಕಳಿಸುವ ಸಾಧ್ಯತೆಯೂ ಇರುವುದರಿಂದ ಗುಣವಾಯಿತೆಂದು ಔಷಧ ಬಿಡಬಾರದು. ಸ್ಟೀರಾಯ್ಡನ್ನಂತೂ ಒಮ್ಮೆಗೇ ನಿಲ್ಲಿಸಲೇಬಾರದು. ಚಿಕಿತ್ಸೆಯ ವೇಳೆ ಜ್ವರ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಸಂಘಗಳಿಗೆ ಒಂದು ವಿನಂತಿ

ಕೆ.ಇ.ಎಂ., ಸಾಯನ್, ನಾಯರ್ ಮೊದಲಾದ ಪಾಲಿಕೆ ಆಸ್ಪತ್ರೆಗಳಲ್ಲಿ ಕಿಡ್ನಿ ವಿಭಾಗಗಳಿವೆ. ಮಾರ್ಚ್ ತಿಂಗಳ ಎರಡನೇ ಗುರುವಾರ ವಿಶ್ವ ಕಿಡ್ನಿ ದಿನ. ಆ ಆಸುಪಾಸಿನ ಶಿಬಿರಗಳಲ್ಲಿ ಬಿ.ಪಿ., ಶುಗರ್ ಜೊತೆ ಮೂತ್ರ ಪರೀಕ್ಷೆಯನ್ನೂ ಸೇರಿಸಲು ಸಂಘಗಳ ಪದಾಧಿಕಾರಿಗಳು ಮನಸ್ಸು ಮಾಡಲಿ. ಸದಸ್ಯ ಬಾಂಧವರೂ ಸಂಕೋಚ ಬಿಟ್ಟು ಆ ಸಾಲಿನಲ್ಲಿ ನಿಲ್ಲಲಿ.