ಫ್ಯಾನ್ ತಿರುಗದಿದ್ದರೆ ಲ್ಯಾಪ್‌ಟಾಪ್ ಏಕೆ ಏಳುವುದಿಲ್ಲ?

ಬೀದರ್, ಭಾಲ್ಕಿ, ಔರಾದ್ ಕಡೆಯ ಎಷ್ಟೋ ವಿದ್ಯಾರ್ಥಿಗಳ ಮೊದಲ ಕಂಪ್ಯೂಟರ್ ಎಂದರೆ ಹೈದರಾಬಾದಿನಿಂದ ತಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್. ಕಂಪನಿಗಳು ಕೆಲ ವರ್ಷ ದುಡಿಸಿ ಕೈಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಗಟ್ಟಿ ಯಂತ್ರಗಳೇ. ಆದರೂ ಒಂದು ದಿನ ಬಟನ್ ಒತ್ತಿದರೆ ಕಪ್ಪು ಪರದೆ, ‘ಫ್ಯಾನ್ ಎರರ್’ ಎಂಬ ಒಂದು ಸಾಲು, ಮರುಕ್ಷಣವೇ ಬಂದ್. ‘ಬೋರ್ಡ್ ಹೋಗಿದೆ’ ಎಂದು ಯಾರಾದರೂ ಅಂದರೆ ತಕ್ಷಣ ನಂಬಬೇಡಿ. ಈ ಸಾಲನ್ನು ಬರೆಯುವಷ್ಟು ಬೋರ್ಡ್ ಇನ್ನೂ ಬದುಕಿದೆ.

ಫ್ಯಾನಿಗೆ ಮೂರೋ ನಾಲ್ಕೋ ತಂತಿಗಳಿರುತ್ತವೆ. ಎರಡು ತಂತಿ ವಿದ್ಯುತ್ತಿಗೆ, ಇನ್ನೊಂದು ವರದಿಗೆ. ಒಳಗಿನ ಕಾಂತ ಸಂವೇದಕ ಸಾಮಾನ್ಯವಾಗಿ ಪ್ರತಿ ಸುತ್ತಿಗೆ ಎರಡು ಮಿಡಿತ ಕಳಿಸುತ್ತದೆ. ಬಟನ್ ಒತ್ತಿದೊಡನೆ, ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸ್ ಫ್ಯಾನನ್ನು ತಿರುಗಿಸಿ ಆ ಮಿಡಿತಕ್ಕೆ ಕಾಯುತ್ತದೆ. ಬಾರದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಕೆಲವು ಮಾದರಿಗಳಲ್ಲಿ ಕೀಲಿ ಒತ್ತಿ ಇದನ್ನು ದಾಟಬಹುದು. ಫೈಲುಗಳನ್ನು ಉಳಿಸಿಕೊಳ್ಳುವುದಕ್ಕೆ ಅದು ಸರಿ, ದಿನಬಳಕೆಗೆ ಖಂಡಿತ ಬೇಡ.

ಏಕೆಂದರೆ ಇಂಥ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿರುವ, ಉದಾಹರಣೆಗೆ 2011ರ ಕೋರ್ ಐ5-2520ಎಂ ಪ್ರೊಸೆಸರ್ ಅಂಚೆಚೀಟಿಗಿಂತ ಸಣ್ಣ ಚಿಪ್ಪಿನಲ್ಲಿ 35 ವಾಟ್‌ವರೆಗೆ ಶಾಖ ಹೊಮ್ಮಿಸುತ್ತದೆ. ಅದರ ಮಿತಿ 100 ಡಿಗ್ರಿ. ಮೇಲೆ ಕೂತ ತಾಮ್ರದ ಕೊಳವೆಯೊಳಗೆ ತುಸು ನೀರಿದೆ. ಒತ್ತಡ ಕಡಿಮೆ ಇರುವುದರಿಂದ ಅದು ಬೇಗ ಆವಿಯಾಗಿ, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವಂತೆ ತಂಪಾದ ತುದಿಯಲ್ಲಿ ನೀರಾಗಿ, ಮತ್ತೆ ಹಿಂದಿರುಗುತ್ತದೆ. ಆ ತುದಿಯ ರೆಕ್ಕೆಗಳಿಂದ ಶಾಖವನ್ನು ಹೊರದೂಡುವುದೇ ಫ್ಯಾನಿನ ಕೆಲಸ.

ಇಲ್ಲಿ ನಮ್ಮ ಊರಿನ ಹವೆಯದೂ ಪಾತ್ರವಿದೆ. ಗಾಳಿ 15 ಡಿಗ್ರಿ ಇರುವ ಚಳಿಗಾಲದ ಬೆಳಗ್ಗೆ ಮಿತಿಗೂ ಗಾಳಿಗೂ 85 ಡಿಗ್ರಿ ಅಂತರ. ಮೇ ತಿಂಗಳ 40 ಡಿಗ್ರಿಯಲ್ಲಿ ಬರೀ 60. ಅದೇ ಫ್ಯಾನು, ಅದೇ ವೇಗವಾದರೂ ಸಾಗಿಸಬಲ್ಲ ಶಾಖ ಮೂರರಲ್ಲೊಂದು ಪಾಲಿನಷ್ಟು ಇಳಿಯಿತು. ಇದರ ಮೇಲೆ ಬೀದರಿನ ಕೆಂಪು ಧೂಳು, ತೊಗರಿ ರಾಶಿಯ ದಿನಗಳಲ್ಲಿ ಹಾರುವ ಹೊಟ್ಟು, ಹಾಸಿಗೆಯ ಹತ್ತಿ. ಎಲ್ಲ ಸೇರಿ ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಕಂಬಳಿಯಂಥ ಪದರವಾಗುತ್ತದೆ. ಹೊರಗಿನಿಂದ ಅದು ಕಾಣುವುದೇ ಇಲ್ಲ.

ಆದ್ದರಿಂದ ಮೊದಲು ಸ್ವಚ್ಛಗೊಳಿಸಿ. ಚಾರ್ಜರ್ ತೆಗೆದು, ಬ್ಯಾಟರಿ ಬಿಡಿಸಿ, ಫ್ಯಾನ್ ಬಿಚ್ಚಿ ಆ ಪದರವನ್ನು ಮೆಲ್ಲಗೆ ಎಳೆದುಹಾಕಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನಿನ ಎಲೆಗಳನ್ನು ಬೆರಳಿನಿಂದ ತಡೆದಿರಿ. ಮಿತಿಮೀರಿ ಸುತ್ತಿದರೆ ಬೇರಿಂಗ್ ಹಾಳು. ತಾಮ್ರದ ಕೊಳವೆಯನ್ನೂ ಎತ್ತಿದರೆ ಅದರಡಿಯ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಗರಗರ ಸದ್ದಿಗೆ ಎಣ್ಣೆ ಬಿಡುವುದು ತಾತ್ಕಾಲಿಕ. ಅದೇ ಪಾರ್ಟ್ ನಂಬರಿನ ಹೊಸ ಫ್ಯಾನೇ ಪರಿಹಾರ.

ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ರ‍್ಯಾಮ್ ತೆಗೆದು ಮತ್ತೆ ಕೂರಿಸಿ ನೋಡಿ. ದೀಪವೇ ಹತ್ತದಿದ್ದರೆ ಚಾರ್ಜರ್, ಬ್ಯಾಟರಿ ಎರಡನ್ನೂ ಬೇರ್ಪಡಿಸಿ ಪವರ್ ಬಟನ್ ಅರ್ಧ ನಿಮಿಷ ಒತ್ತಿಹಿಡಿದು, ಬರೀ ಚಾರ್ಜರಿನಿಂದ ಪ್ರಯತ್ನಿಸಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಮತ್ತೆ ಜೋಡಿಸಬೇಡಿ, ಅದಕ್ಕೆ ಬೆಂಕಿ ಹತ್ತಬಹುದು.

ಕೊಳ್ಳುವಾಗ ಅಂಗಡಿಯಲ್ಲೇ ಅರ್ಧ ಗಂಟೆ ವಿಡಿಯೊ ಓಡಿಸಿ, ಗಾಳಿಕಿಂಡಿಗೆ ಕೈಯೊಡ್ಡಿ. ಬಿಸಿಗಾಳಿ ಜೋರಾಗಿ ಬಂದರೆ ತಂಪಾಗಿಸುವ ವ್ಯವಸ್ಥೆ ಸುಸ್ಥಿತಿಯಲ್ಲಿದೆ. ತಳ ಸುಡುತ್ತಿದ್ದು ಗಾಳಿ ಮಾತ್ರ ಬಾರದಿದ್ದರೆ, ಸರ್ವೀಸ್ ಮಾಡಿಸಿ ಕೊಡುವವರೆಗೆ ಹಣ ಕೊಡಬೇಡಿ.