ತಗಡಿನ ಪೆಟ್ಟಿಗೆಗಳ ಕಲಾವಿದೆ

ರಾಯಚೂರು ಜಿಲ್ಲೆಯ ಸಿಂಧನೂರಿನ ಕಡೆಗೆ ಪ್ರಯಾಣ ಮಾಡಿದವರಿಗೆ ‘ಕ್ಯಾಂಪ್’ ಎಂಬ ಮಾತು ಹೊಸದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ನಂಬಿ ಆಂಧ್ರದಿಂದ ಬಂದ ರೈತರು ನೆಲೆಸಿದ ಊರುಗಳೂ ಅಲ್ಲಿ ಕ್ಯಾಂಪುಗಳೇ. ಆದರೆ ಆರ್.ಎಚ್. ಕ್ಯಾಂಪುಗಳ ಕಥೆ ಬೇರೆ. ಆ ಅಕ್ಷರಗಳು ಪುನರ್ವಸತಿ ಎಂಬ ಅರ್ಥದ ‘ರಿಹ್ಯಾಬಿಲಿಟೇಷನ್’ ಎಂಬ ಸರ್ಕಾರಿ ಮಾತಿನ ಗುರುತು. ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೆ ದೊರೆತ ನೆಲೆಗಳಿವು. ಊರಿಗೆ ಹೆಸರಿನ ಬದಲು ಒಂದು, ಎರಡು ಎಂಬ ಸಂಖ್ಯೆ. ಜೋಳದ ರೊಟ್ಟಿಯ ಸೀಮೆಯ ನಡುವೆ ಬಂಗಾಳಿ ಮಾತು.

ದೇಶವಿಭಜನೆಯು ಪೂರ್ವದವರಂತೆ ಪಶ್ಚಿಮದವರನ್ನೂ ಊರು ಬಿಡಿಸಿತು. ಕರಾಚಿಯಿಂದ ಹಾಗೆ ಬಂದವರಲ್ಲಿ, ಇನ್ನೂ ಎರಡು ವರ್ಷ ತುಂಬದ ಒಂದು ಹೆಣ್ಣು ಮಗುವೂ ಇತ್ತು. ಅದೇ ಮಗು ಬೆಳೆದು ನಳಿನಿ ಮಲಾನಿ ಎಂಬ ಹೆಸರಿನಿಂದ ಜಗತ್ತಿನ ಕಲಾಶಾಲೆಗಳಲ್ಲೆಲ್ಲ ಪ್ರಸಿದ್ಧವಾಯಿತು. ತೊರೆದು ಬಂದ ಮನೆಯ ನೆನಪು ಆಕೆಗೆ ಇರುವುದು ಸಾಧ್ಯವೇ ಇರಲಿಲ್ಲ. ಆದರೂ ಆಕೆಯ ಬದುಕಿನ ದುಡಿಮೆಯೆಲ್ಲ ಆ ನೆನಪಿನ ಸುತ್ತಲೇ ತಿರುಗಿದೆ. ಹೆತ್ತವರ ನೋವಿಗೆ ಮಕ್ಕಳು ವಾರಸುದಾರರಾಗುವ ಬಗೆ ಇದು.

1946ರಲ್ಲಿ ಹುಟ್ಟಿದ ನಳಿನಿಯವರ ಕುಟುಂಬ ಮೊದಲು ಕಲ್ಕತ್ತೆಗೂ ಅನಂತರ ಮುಂಬಯಿಗೂ ಬಂದಿತು. ಅಲ್ಲಿನ ಸರ್ ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಕಲಿತು, 1970ರಿಂದ ಎರಡು ವರ್ಷ ಪ್ಯಾರಿಸ್ಸಿನಲ್ಲಿದ್ದು ಅವರು ಹಿಂದಿರುಗಿದರು. ಪ್ಯಾರಿಸ್ಸಿನಲ್ಲಿ ನಿಲ್ಲುವ ಬದಲು ಅವರು ಚಿತ್ರ ಬರೆಯಲು ಕುಳಿತದ್ದು ಮುಂಬಯಿಯ ಲೋಹಾರ್ ಚಾಳದಲ್ಲಿ: ಸಗಟು ವ್ಯಾಪಾರದ ಗದ್ದಲ, ಹೊರೆ ಹೊತ್ತ ಕೂಲಿಗಳು. ಅವರ ಚಿತ್ರಗಳಿಗೆ ಜನ ನುಗ್ಗಿ ಬಂದದ್ದು ಆ ಬೀದಿಯಿಂದಲೇ.

1992ರಲ್ಲಿ ಅವರು ಮುಂಬಯಿಯ ಗ್ಯಾಲರಿ ಕೆಮೋಲ್ಡಿನ ಗೋಡೆಗಳ ಮೇಲೆಯೇ ನೇರವಾಗಿ ‘ಬಯಕೆಗಳ ನಗರ’ವನ್ನು ಬರೆದರು. ಹದಿನೈದು ದಿನ ಜನ ನೋಡಿದರು; ಅನಂತರ ಗೋಡೆಗೆ ಬಿಳಿ ಬಣ್ಣ ಬಳಿದು ಎಲ್ಲವನ್ನೂ ಅಳಿಸಲಾಯಿತು. ನಾಥದ್ವಾರದ ಹಳೆಯ ಭಿತ್ತಿಚಿತ್ರಗಳು ಯಾರ ಆರೈಕೆಯೂ ಇಲ್ಲದೆ ಹಾಳಾಗುತ್ತಿದ್ದವು. ಅದಕ್ಕೆ ಅವರು ತೋರಿದ ಪ್ರತಿಭಟನೆ ಇದು. ಕೊಳ್ಳುವವರಿಗೆ ಏನೂ ಉಳಿಯಲಿಲ್ಲ. ಮುಂದೆ ಪರದೇಶದ ವಸ್ತುಸಂಗ್ರಹಾಲಯಗಳಲ್ಲಿ, ಅಳಿಸುವ ಕ್ರಿಯೆಯನ್ನೇ ಜನರೆದುರಿನ ಒಂದು ಪ್ರದರ್ಶನವನ್ನಾಗಿ ಮಾಡಿದರು.

ಇದೂ ಒಂದು ಕಲೆಯೇ ಎಂದು ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ‘ಇನ್‌ಸ್ಟಲೇಷನ್’ ಎಂಬ ಮಾತಿಗೆ ನಮ್ಮವರು ‘ಪ್ರತಿಷ್ಠಾಪನೆ’ ಎಂಬ ಪದವನ್ನು ಬಳಸಿದ್ದಾರೆ. ಪದವನ್ನು ಟಂಕಿಸಿದವರು ಅಷ್ಟು ಯೋಚಿಸಿದ್ದರೋ ಇಲ್ಲವೋ, ನಮ್ಮಲ್ಲಿ ಪ್ರತಿಷ್ಠಾಪನೆಯ ಬೆನ್ನಿಗೇ ವಿಸರ್ಜನೆ ಬರುತ್ತದೆ. ಚೌತಿಯ ಗಣಪತಿಯನ್ನು ಕೆರೆಗೆ ಬಿಡುವ ನಮಗೂ, ವಿಜಯದಶಮಿಯಂದು ಮಣ್ಣಿನ ದುರ್ಗೆಯನ್ನು ನೀರಿಗೆ ಕಳುಹಿಸುವ ಬಂಗಾಳಿಗಳಿಗೂ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1993ರಲ್ಲಿ ನಟಿ ಅಲಕನಂದಾ ಸಮರ್ಥರೊಡನೆ ಮೀಡಿಯಾಳ ಕಥೆಯನ್ನು ರಂಗಕ್ಕೆ ತಂದಾಗ ಚಿತ್ರಕಾರ್ತಿಯ ಕೈ ಅಭಿನಯದ ಕಡೆಗೂ ಚಾಚಿತು. ಆದರೆ ನನ್ನ ಮಟ್ಟಿಗೆ ಅವರ ಅತ್ಯಂತ ಹೃದಯಸ್ಪರ್ಶಿಯಾದ ಕೃತಿ 1998ರದು. ಆ ವರ್ಷದ ಮೇ ತಿಂಗಳಿನಲ್ಲಿ ಭಾರತ ಪೋಖರಣದಲ್ಲಿಯೂ ಪಾಕಿಸ್ತಾನ ಚಾಗೈಯಲ್ಲಿಯೂ ಅಣುಬಾಂಬುಗಳನ್ನು ಪರೀಕ್ಷಿಸಿದವು. ನಳಿನಿಯವರಿಗೆ ನೆನಪಾದದ್ದು ಸಾದತ್ ಹಸನ್ ಮಂಟೋ ಬರೆದ ‘ಟೋಬಾ ಟೇಕ್ ಸಿಂಗ್’ ಎಂಬ ಕಥೆ. ಎರಡು ದೇಶಗಳೂ ತಮ್ಮ ತಮ್ಮ ಹುಚ್ಚಾಸ್ಪತ್ರೆಯ ರೋಗಿಗಳನ್ನು ಹಂಚಿಕೊಳ್ಳುವಾಗ, ತನ್ನ ಊರು ಯಾವ ಕಡೆಗೆ ಸೇರಿದೆಯೆಂದು ತಿಳಿಯದ ಬಿಷನ್ ಸಿಂಗ್ ಎರಡು ಗಡಿಗಳ ನಡುವಿನ, ಯಾರಿಗೂ ಸೇರದ ತುಂಡು ನೆಲದ ಮೇಲೆ ಬಿದ್ದುಬಿಡುತ್ತಾನೆ.

ಕತ್ತಲೆಯ ಕೋಣೆಯೊಂದರಲ್ಲಿ ನಳಿನಿಯವರು ಹನ್ನೆರಡು ತಗಡಿನ ಪೆಟ್ಟಿಗೆಗಳನ್ನಿಟ್ಟು, ಒಂದೊಂದರಲ್ಲಿಯೂ ಒಂದು ದೂರದರ್ಶನದ ತೆರೆಯನ್ನು ಕೂರಿಸಿದರು. ಮದುವೆಯ ಸೀರೆ, ಜಮೀನಿನ ಕಾಗದಪತ್ರಗಳನ್ನು ಇಡುವಂತಹ, ನಮ್ಮೆಲ್ಲರ ಅಟ್ಟದ ಮೇಲೂ ಒಂದಾದರೂ ಇದ್ದ ಅದೇ ಪೆಟ್ಟಿಗೆ. ಮುಚ್ಚಳ ತೆರೆದ ಪೆಟ್ಟಿಗೆಯೊಳಗೆ ನಿರಾಶ್ರಿತರ ದೃಶ್ಯಗಳು. ಗೋಡೆಯ ಮೇಲೆ ಅಣುಸ್ಫೋಟ. ಎದುರುಬದುರಾದ ಎರಡು ಗೋಡೆಗಳಲ್ಲಿ ಇಬ್ಬರು ಹೆಂಗಸರು ಒಂದು ಸೀರೆಯನ್ನು ಮಡಿಸಲು ಯತ್ನಿಸುತ್ತಾರೆ. ಸೀರೆ ಮಡಿಸಲು ಇಬ್ಬರಿದ್ದರೆ ಎಷ್ಟು ಸಲೀಸು ಎಂಬುದು ಮನೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಇಲ್ಲಿ ಮಾತ್ರ ಇಬ್ಬರ ನಡುವೆ ಇಡೀ ಕೋಣೆ ಇದೆ. ಆ ಅಂತರದಲ್ಲಿ ನಿಂತಿರುವವರು ನೋಡಬಂದ ನಾವು. 1999ರಲ್ಲಿ ಇದನ್ನು ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ತೋರಿಸಿದರು. ಕಲಾರಸಿಕರಷ್ಟೇ ಅಲ್ಲ, ಶಾಲೆಯ ಮಕ್ಕಳೂ ಪ್ರವಾಸಿಗಳೂ ಸಹಜವಾಗಿ ಹಾದುಹೋಗುವ ಜಾಗ ಅದು.

2001ರಿಂದ ಅವರು ಪಾರದರ್ಶಕ ಹಾಳೆಯ ಉರುಳೆಗಳ ಹಿಂಬದಿಯಲ್ಲಿ ಚಿತ್ರ ಬರೆದು, ಬೆಳಕಿನ ಮುಂದೆ ತಿರುಗಿಸಿ, ಗೋಡೆಗಳ ಮೇಲೆ ನೆರಳುಗಳನ್ನು ಕುಣಿಸತೊಡಗಿದರು. ನಮ್ಮ ತೊಗಲುಗೊಂಬೆಯಾಟದವರು ಕಂಡರೆ ಇದು ತಮ್ಮದೇ ವಿದ್ಯೆಯ ಹೊಸ ಅವತಾರವೆಂದಾರು. 2012ರಲ್ಲಿ ಜರ್ಮನಿಯ ಕಾಸೆಲ್ ನಗರದ ಪ್ರದರ್ಶನದಲ್ಲಿ ಈ ನೆರಳಾಟಕ್ಕೆ ದೊಡ್ಡ ಹೆಸರು ಬಂದಿತು. ಫುಕುವೋಕಾ, ಹೋನ್ ಮಿರೋ, 2023ರಲ್ಲಿ ಕ್ಯೋಟೋ: ಪ್ರಶಸ್ತಿಗಳ ಪಟ್ಟಿಯನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಮಂಟೋನ ಬಿಷನ್ ಸಿಂಗ್ ಕಂಡಕಂಡವರನ್ನೆಲ್ಲ ತನ್ನ ಊರು ಎಲ್ಲಿದೆಯೆಂದು ಕೇಳುತ್ತಿದ್ದ. ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿ ಹಲವು ದಶಕಗಳಿಂದ ಉತ್ತು ಬಿತ್ತುತ್ತಿದ್ದವರಲ್ಲಿ ಕೆಲವರ ಕೈಗೆ ಭಾರತದ ಪೌರತ್ವದ ಪತ್ರ ಬಂದದ್ದು 2024ರಲ್ಲಿ.