ಗೋಡೆಯ ಕೈಹಿಡಿದ ಕಪಾಟು

ಕನ್ನಡದಲ್ಲಿ ‘ಗೂಡು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹಕ್ಕಿ ತನ್ನ ಮರಿಗಾಗಿ ಕಟ್ಟುವುದೂ ಗೂಡು. ನಮ್ಮ ಹಿರಿಯರು ದೀಪವನ್ನೋ ಪುಸ್ತಕವನ್ನೋ ಇಡಲೆಂದು ಗೋಡೆಯಲ್ಲಿ ಬಿಡುತ್ತಿದ್ದ ಚೌಕವೂ ಗೂಡು. ಕುರುಗೋಡು, ಸಿರುಗುಪ್ಪಗಳ ಹಳೆಯ ಮಾಳಿಗೆಮನೆಗಳನ್ನು ಹೊಕ್ಕು ನೋಡಿದವರಿಗೆ ಈ ಗೂಡುಗಳ ಪರಿಚಯವಿರಲೇಬೇಕು. ಕಲ್ಲುಮಣ್ಣುಗಳಿಂದೆದ್ದ, ಮೊಳಕ್ಕೂ ಮಿಕ್ಕ ದಪ್ಪದ ಗೋಡೆ. ಅದರ ಒಡಲಿನಲ್ಲಿಯೇ ಸಾಮಾನುಗಳಿಗೆ ತಾವು. ಮಗು ಅದಕ್ಕೆ ಜೋತುಬಿದ್ದರೂ ಸರಿಯೆ, ಕಾಲಿಟ್ಟು ಹತ್ತಿದರೂ ಸರಿಯೆ, ಗೂಡು ಉರುಳಿ ಮೈಮೇಲೆ ಬಿತ್ತೆಂಬ ಮಾತೇ ಇರಲಿಲ್ಲ. ಮುಂದೆ ಬಳ್ಳಾರಿಯಲ್ಲಿ ಇಟ್ಟಿಗೆ ಸಿಮೆಂಟುಗಳ ಮನೆಗಳು ಎದ್ದಾಗಲೂ ಕಡಪ ಕಲ್ಲಿನ ಹಲಗೆಗಳನ್ನು ಗೋಡೆಯೊಳಕ್ಕೆ ಸೇರಿಸಿ ಗಾರೆ ಮೆತ್ತುತ್ತಿದ್ದರು. ಆಗಲೂ ಕಪಾಟು ಗೋಡೆಯ ಹಿಡಿತದಲ್ಲಿಯೇ ಇತ್ತು.

ಇಂದಿನ ಕಪಾಟು ಹಾಗಲ್ಲ. ಅದು ಗೋಡೆಯಿಂದ ಹೊರಬಂದು ನೆಲದ ಮೇಲೆ ತನ್ನಷ್ಟಕ್ಕೆ ತಾನೇ ನಿಂತಿದೆ. ಮೊಬೈಲಿನಲ್ಲಿ ಚಿತ್ರ ನೋಡಿ ಬೆರಳೊತ್ತಿದರೆ ಕೆಲವೇ ದಿನಗಳಲ್ಲಿ ಒಂದು ಚಪ್ಪಟೆ ಪೆಟ್ಟಿಗೆ ಮನೆಬಾಗಿಲಿಗೆ ಬರುತ್ತದೆ. ಒಳಗೆ ಹಲಗೆಗಳು, ಒಂದು ಚೀಲದ ತುಂಬ ತಿರುಪುಗಳು, ಮಾತಿಲ್ಲದ ಚಿತ್ರಗಳ ಒಂದು ಕೈಪಿಡಿ. ಮಗುವಿನ ಕೋಣೆಗೆಂದೇ ತರಿಸಿದ ಬಣ್ಣದ ಕಪಾಟು! ಸಂಜೆಯೊಳಗೆ ಅದು ಎದ್ದು ನಿಲ್ಲುತ್ತದೆ, ಮನೆಮಂದಿಗೆಲ್ಲ ಸಂತೋಷ. ಆದರೆ ಎದ್ದು ನಿಂತ ಮಾತ್ರಕ್ಕೆ ಕೆಲಸ ಮುಗಿಯಿತೆ? ಇಲ್ಲ. ಗೋಡೆಗೆ ಬಿಗಿಯುವವರೆಗೆ ಆ ಕಪಾಟು ಅರ್ಧ ಕಟ್ಟಿದ ಕಪಾಟೇ ಸರಿ.

ಪೆಟ್ಟಿಗೆಯ ಕತೆ

ಪೀಠೋಪಕರಣಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಸಾಗಿಸುವ ಉಪಾಯ ಹೊಸದೇನೂ ಅಲ್ಲ. ೧೮೫೯ರಲ್ಲಿ ಥೋನೆಟ್ ಸಂಸ್ಥೆ ರೂಪಿಸಿದ ಬಾಗಿಸಿದ ಮರದ ಕುರ್ಚಿಗಳನ್ನು ಬಿಚ್ಚಿ, ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ೩೬ ಕುರ್ಚಿಗಳನ್ನು ತುಂಬಿ ದೇಶದೇಶಗಳಿಗೆ ಕಳುಹಿಸುತ್ತಿದ್ದರು. ೧೯೫೬ರಲ್ಲಿ ಸ್ವೀಡನ್ ದೇಶದ ಇಕಿಯಾ ಸಂಸ್ಥೆಯ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬಾತ, ಮೇಜೊಂದು ಕಾರಿನಲ್ಲಿ ಹಿಡಿಸದಿರಲು ಅದರ ಕಾಲುಗಳನ್ನೇ ಕಳಚಿದನೆಂದು ಪ್ರಸಿದ್ಧಿ. ಆ ಸಂಸ್ಥೆಯ ಚಪ್ಪಟೆ ಪೆಟ್ಟಿಗೆಯ ವ್ಯಾಪಾರ ಬೆಳೆದದ್ದು ಅಲ್ಲಿಂದ. ಅದೇ ಸಂಸ್ಥೆ ೨೦೧೮ರಲ್ಲಿ ಹೈದರಾಬಾದಿನಲ್ಲಿ, ೨೦೨೨ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಮಳಿಗೆ ತೆರೆಯಿತು. ನಮ್ಮ ದೇಶದ ತಯಾರಕರೂ ಈ ಹಾದಿಯನ್ನು ಹಿಡಿದಿದ್ದಾರೆ.

ಇದರಿಂದ ಅನುಕೂಲವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಬದಲಾವಣೆ ಸದ್ದಿಲ್ಲದೆ ನಡೆದುಹೋಗಿದೆ. ಊರಿನ ಬಡಗಿ ಮನೆಗೆ ಬಂದಾಗ ಮೊದಲು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದನು. ಅದು ಕಲ್ಲೋ, ಇಟ್ಟಿಗೆಯೋ, ಮಣ್ಣೋ ಎಂಬುದು ಅವನಿಗೆ ತಿಳಿಯುತ್ತಿತ್ತು. ದೂರದ ಕಾರ್ಖಾನೆಗೆ ಸಿರುಗುಪ್ಪದ ಗೋಡೆಯ ಗುಣ ಹೇಗೆ ತಿಳಿಯಬೇಕು? ಆದ್ದರಿಂದಲೇ ಪೆಟ್ಟಿಗೆಯಲ್ಲಿ ಗೋಡೆಗೆ ಬಿಗಿಯುವ ಉಕ್ಕಿನ ಪಟ್ಟಿ ಇದ್ದರೂ, ಗೋಡೆಗೆ ಹೊಂದುವ ತಿರುಪು ಮತ್ತು ಪ್ಲಗ್ಗುಗಳು ಅನೇಕ ವೇಳೆ ಇರುವುದಿಲ್ಲ. ಬಡಗಿಯ ಆ ತಿಳಿವಳಿಕೆ ಈಗ ಮನೆಯ ಯಜಮಾನನ ಪಾಲಿಗೆ ಬಂದಿದೆ. ಆತನಿಗೆ ಅದರ ಅರಿವಿಲ್ಲದಿರುವುದೇ ಅಪಾಯದ ಮೂಲ.

ಮೂರು ವರ್ಷದ ಮಗುವಿನ ಬಲ

“ಇಷ್ಟು ಭಾರದ ಕಪಾಟನ್ನು ಪುಟ್ಟ ಮಗು ಬೀಳಿಸೀತೆ?” ಎಂದು ಯಾರಾದರೂ ಕೇಳಬಹುದು. ಒಂದು ಚಿಕ್ಕ ಲೆಕ್ಕ ಮಾಡೋಣ. ೩೦ ಕಿಲೋ ತೂಗುವ, ಮುಂದಿನಿಂದ ಹಿಂದಕ್ಕೆ ೩೦ ಸೆಂಟಿಮೀಟರ್ ಆಳವಿರುವ ಕಪಾಟನ್ನು ತೆಗೆದುಕೊಳ್ಳಿ. ಅದರ ಭಾರದ ಕೇಂದ್ರ ಮುಂದಂಚಿನಿಂದ ೧೫ ಸೆಂಟಿಮೀಟರ್ ಹಿಂದಿರುತ್ತದೆ. ನೆಲದಿಂದ ೧೦೦ ಸೆಂಟಿಮೀಟರ್ ಎತ್ತರದಲ್ಲಿ, ಎಂದರೆ ಮೂರು ವರ್ಷದ ಮಗುವಿನ ಕೈಗೆ ಎಟಕುವಲ್ಲಿ, ಅದನ್ನು ಮುಂದಕ್ಕೆ ಸೆಳೆದರೆ ಕೇವಲ ನಾಲ್ಕೂವರೆ ಕಿಲೋ ಸೆಳೆತಕ್ಕೆ ಅದರ ಹಿಂಭಾಗ ನೆಲಬಿಟ್ಟು ಏಳುತ್ತದೆ. ೧೫೦ ಸೆಂಟಿಮೀಟರ್ ಎತ್ತರದಲ್ಲಾದರೆ ಮೂರು ಕಿಲೋ ಸಾಕು! ಮೂರು ವರ್ಷದ ಮಗುವೇ ಹದಿಮೂರು ಹದಿನಾಲ್ಕು ಕಿಲೋ ತೂಗುತ್ತದೆ. ಅದು ಕೆಳಗಿನ ಅಂತಸ್ತಿನ ಮೇಲೆ ಕಾಲಿಟ್ಟು, ಮೇಲಿನ ಬೊಂಬೆಗಾಗಿ ಹಿಂದಕ್ಕೆ ವಾಲಿ ಜೋತುಬಿದ್ದರೆ ಗತಿಯೇನು? ಡ್ರಾಯರುಗಳುಳ್ಳ ಕಪಾಟಾದರೆ ಇನ್ನೂ ಕಷ್ಟ. ತುಂಬಿದ ಡ್ರಾಯರುಗಳನ್ನು ಎಳೆದಷ್ಟೂ ಭಾರವು ಮುಂದಕ್ಕೆ ಸರಿಯುತ್ತದೆ. ಮಗುವಿನ ಕಣ್ಣಿಗೆ ಅವು ಏಣಿಯ ಮೆಟ್ಟಲುಗಳಂತೆ ಕಾಣುತ್ತವೆ.

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ ಇಕಿಯಾ ಸಂಸ್ಥೆಯ ಡ್ರಾಯರ್ ಕಪಾಟುಗಳು ಉರುಳಿ ಎಳೆಯ ಮಕ್ಕಳು ಸತ್ತ ಪ್ರಸಂಗಗಳು ನಡೆದವು. ೨೦೧೫ರಲ್ಲಿ ಸಂಸ್ಥೆಯು, ಗೋಡೆಗೆ ಬಿಗಿಯುವ ಸಾಮಗ್ರಿಯನ್ನು ಉಚಿತವಾಗಿ ಕೊಡುವುದಾಗಿ ಪ್ರಕಟಿಸಿತು. ಆದರೂ ೨೦೧೬ರ ಆರಂಭದಲ್ಲಿ ಮತ್ತೊಂದು ಮಗು ಬಲಿಯಾಯಿತು. ಆ ವರ್ಷದ ಜೂನ್ ತಿಂಗಳಲ್ಲಿ ಅಲ್ಲಿ ಸುಮಾರು ೨ ಕೋಟಿ ೯೦ ಲಕ್ಷ ಕಪಾಟುಗಳನ್ನು ಹಿಂದಕ್ಕೆ ಕರೆಯಲಾಯಿತು. ೨೦೨೨ರ ಡಿಸೆಂಬರಿನಲ್ಲಿ ಆ ದೇಶ ಈ ಬಗ್ಗೆ ಕಾಯಿದೆಯನ್ನೇ ಮಾಡಿತು. ಬಟ್ಟೆಯ ಕಪಾಟುಗಳು ೬೦ ಪೌಂಡ್, ಎಂದರೆ ಸುಮಾರು ೨೭ ಕಿಲೋವರೆಗಿನ ಮಗುವಿನ ಭಾರವನ್ನು ತಾಳುವಂತಿವೆಯೇ ಎಂದು ಪರೀಕ್ಷಿಸಬೇಕೆಂಬುದು ಅದರ ತಾತ್ಪರ್ಯ. ಎಚ್ಚರಿಕೆಯ ಚೀಟಿಯಿಂದ ಮಗುವಿಗೆ ರಕ್ಷಣೆಯಿಲ್ಲ, ಗೋಡೆಯಲ್ಲಿ ಕೂತ ತಿರುಪಿನಿಂದ ಉಂಟು ಎಂಬ ಪಾಠ ಅಲ್ಲಿ ಬಹಳ ದುಬಾರಿಯಾಗಿ ದೊರೆಯಿತು.

ಮೊದಲು ಗೋಡೆಯನ್ನು ಅರಿಯಿರಿ

ಬಳ್ಳಾರಿ ನಗರದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇಟ್ಟಿಗೆಯ ಅಥವಾ ಸಿಮೆಂಟ್ ಬ್ಲಾಕಿನ ಗೋಡೆ. ಅದರ ಮೇಲಿನ ಗಾರೆ ಸಾಮಾನ್ಯವಾಗಿ ೧೨ರಿಂದ ೧೫ ಮಿಲಿಮೀಟರ್ ದಪ್ಪ. ಅನೇಕರು ತಪ್ಪುವುದು ಇಲ್ಲಿಯೇ. ಚಿಕ್ಕ ತಿರುಪು ಗಾರೆಯಲ್ಲಿಯೇ ನಿಂತುಬಿಡುತ್ತದೆ. ಜಗ್ಗಿದರೆ ಗಾರೆಯ ಹೆಕ್ಕಳದೊಡನೆ ಕಿತ್ತುಬರುತ್ತದೆ. ಪ್ಲಗ್ಗು ಪೂರ್ತಿಯಾಗಿ ಗಾರೆಯನ್ನು ದಾಟಿ ಇಟ್ಟಿಗೆಯಲ್ಲಿ ಕೂರಬೇಕು. ೮ ಮಿಲಿಮೀಟರಿನ ಪ್ಲಗ್ಗು, ೫೦ರಿಂದ ೬೦ ಮಿಲಿಮೀಟರ್ ಉದ್ದದ ತಿರುಪು ಇದಕ್ಕೆ ತಕ್ಕವು. ತೂತು ಕೊರೆದ ಮೇಲೆ ಒಳಗಿನ ಪುಡಿಯನ್ನು ಊದಿ ತೆಗೆಯುವುದನ್ನು ಮರೆಯಬಾರದು. ಪುಡಿಯಿದ್ದರೆ ಪ್ಲಗ್ಗು ಹಿಡಿಯದು.

ಕಾಂಕ್ರೀಟ್ ಕಂಬ ಎದುರಾದರೆ ಸಾಧಾರಣ ಡ್ರಿಲ್ಲು ಸಾಲದು, ಹ್ಯಾಮರ್ ಡ್ರಿಲ್ಲು ಬೇಕು. ಹೊಸ ಅಪಾರ್ಟ್‌ಮೆಂಟುಗಳ ಹಗುರ ಬ್ಲಾಕಿನ ಗೋಡೆಗೆ ಅದಕ್ಕೆಂದೇ ಮಾಡಿದ ಉದ್ದನೆಯ ಪ್ಲಗ್ಗನ್ನು ಅಂಗಡಿಯಲ್ಲಿ ಕೇಳಿ ತರಬೇಕು. ಅಲ್ಲಿ ಹ್ಯಾಮರಿನ ಹೊಡೆತ ಕೂಡದು, ಬ್ಲಾಕು ಪುಡಿಯಾಗುತ್ತದೆ.

ಕುರುಗೋಡಿನಂಥ ಊರುಗಳ ಕಲ್ಲುಮಣ್ಣಿನ ಗೋಡೆಯ ವಿಷಯ ಬೇರೆ. ಕಲ್ಲು ಗಟ್ಟಿ, ಆದರೆ ಕಲ್ಲುಗಳ ನಡುವಿನ ಮಣ್ಣಿನ ಸಂದು ಪ್ಲಗ್ಗನ್ನು ಹಿಡಿಯಲಾರದು. ಕಲ್ಲಿನಲ್ಲಿಯೇ ಕೊರೆಯುವಂತಿದ್ದರೆ ಉಂಟು, ಇಲ್ಲದಿದ್ದರೆ ಎತ್ತರದ ಕಪಾಟಿನ ಆಸೆಯನ್ನೇ ಬಿಡುವುದು ವಿವೇಕ. ಅಂಥ ಮನೆಯಲ್ಲಿ ಹಿರಿಯರು ಬಿಟ್ಟ ಗೂಡಿಗೆ ಸುಣ್ಣ ಬಳಿದು, ಒಂದೆರಡು ಹಲಗೆ ಕೂರಿಸಿದರೆ ಅದಕ್ಕಿಂತ ಸುರಕ್ಷಿತವಾದ ಕಪಾಟು ಮತ್ತೊಂದಿಲ್ಲ.

ಎಲ್ಲಿ ಕೊರೆಯಬಾರದು ಎಂಬುದೂ ತಿಳಿದಿರಬೇಕು. ಸ್ವಿಚ್‌ಬೋರ್ಡಿನ ನೇರ ಮೇಲೂ ಕೆಳಗೂ ವಿದ್ಯುತ್ ತಂತಿಗಳು ಹಾದುಹೋಗಿರುತ್ತವೆ. ಬಚ್ಚಲಿಗೆ ಅಂಟಿದ ಗೋಡೆಯಲ್ಲಿ ನೀರಿನ ಕೊಳವೆಗಳಿರುತ್ತವೆ. ಅವೆರಡನ್ನೂ ಬಿಟ್ಟು ಸ್ಥಳವನ್ನು ಗೊತ್ತುಮಾಡಿಕೊಳ್ಳಿ.

ಜೋಡಿಸುವ ಕ್ರಮ

ಕಪಾಟನ್ನು ನೆಲದ ಮೇಲೆ ಮಲಗಿಸಿ ಜೋಡಿಸಬೇಕು; ಇಬ್ಬರು ಸೇರಿ ಎತ್ತಿ ನಿಲ್ಲಿಸಬೇಕು. ಆ ಹೊತ್ತಿನಲ್ಲಿ ಮಗು ಬೇರೆ ಕೋಣೆಯಲ್ಲಿರಲಿ. ತಿರುಪುಗಳನ್ನು ಮೊದಲೇ ಎಣಿಸಿ ಒಂದು ತಟ್ಟೆಯಲ್ಲಿಡಿ. ಹಾಸಿಗೆಯಡಿ ಉರುಳಿದ ಒಂದು ತಿರುಪು ಮಗುವಿನ ಗಂಟಲಲ್ಲಿ ಸಿಕ್ಕೀತು. ಹೊದಿಸಿ ಬಂದ ಪ್ಲಾಸ್ಟಿಕ್ ಹಾಳೆಯನ್ನು ಕೂಡಲೇ ತೆಗೆದುಹಾಕಿ.

ಹಿಂಬದಿಯ ತೆಳು ಹಲಗೆಯನ್ನು ಅನೇಕರು ಅಲಂಕಾರವೆಂದು ತಿಳಿದು ಅರೆಬರೆ ಮೊಳೆ ಹೊಡೆಯುತ್ತಾರೆ. ಕಪಾಟು ಓರೆಯಾಗಿ ವಾಲದಂತೆ ಬಿಗಿಯಾಗಿ ಹಿಡಿಯುವುದು ಆ ಹಲಗೆಯೇ. ಕೈಪಿಡಿಯಲ್ಲಿ ತೋರಿಸಿದ ಒಂದು ಮೊಳೆಯನ್ನೂ ಬಿಡಬೇಡಿ. ಆದರೆ ಗೋಡೆಗೆ ಬಿಗಿಯುವ ಪಟ್ಟಿಯನ್ನು ಮಾತ್ರ ಆ ತೆಳು ಹಲಗೆಗೆ ಹಾಕಕೂಡದು. ಅದು ಕಪಾಟಿನ ಮೇಲ್ಭಾಗದ ದಪ್ಪ ಹಲಗೆಯನ್ನು ಹಿಡಿದಿರಬೇಕು, ಎಡಕ್ಕೊಂದು ಬಲಕ್ಕೊಂದು.

ನಿಲ್ಲಿಸುವಾಗ ರಸಮಟ್ಟವನ್ನಿಟ್ಟು ನೋಡಿ. ಹಾಸುಗಲ್ಲಿನ ಹಳೆಯ ನೆಲ ಎಲ್ಲ ಕಡೆಯೂ ಸಮವಾಗಿರುವುದಿಲ್ಲ. ಕಪಾಟು ಮುಂದಕ್ಕೆ ಒಂದಿಷ್ಟು ವಾಲಿದರೂ ಕೇಡು. ಮುಂದಿನ ಅಂಚಿನ ಕೆಳಗೆ ತೆಳುವಾದ ಬೆಣೆ ಕೊಟ್ಟು ಸರಿಪಡಿಸಬೇಕು. ಗೋಡೆಯ ಬುಡದ ಪಟ್ಟಿ ಹೊರಚಾಚಿರುವುದರಿಂದ ಕಪಾಟಿಗೂ ಗೋಡೆಗೂ ನಡುವೆ ಸಂದು ಉಳಿದರೆ, ಅಷ್ಟೇ ದಪ್ಪದ ಮರದ ಪಟ್ಟಿಯನ್ನು ಮೇಲೆ ಸೇರಿಸಿ ಅದರ ಮೂಲಕವೇ ತಿರುಪು ಹಾಕಬೇಕು. ಆಗ ತಿರುಪಿನ ಉದ್ದವೂ ಅಷ್ಟು ಹೆಚ್ಚಿರಲಿ. ಎಲ್ಲ ಮುಗಿದ ಮೇಲೆ ಮೇಲಂಚನ್ನು ಕೈಯಿಂದ ಗಟ್ಟಿಯಾಗಿ ಜಗ್ಗಿ ನೋಡಿ. ಅಲುಗಿದರೆ ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ.

ಬಾಡಿಗೆ ಮನೆಯವರ ಕಷ್ಟ ಬೇರೆ. “ಗೋಡೆಗೆ ತೂತು ಹೊಡೆಯಬೇಡಿ” ಎನ್ನುವ ಮಾಲಿಕರು ಎಲ್ಲೆಲ್ಲೂ ಇದ್ದಾರೆ. ಎರಡು ತೂತುಗಳನ್ನು ಮನೆ ಬಿಡುವಾಗ ಪುಟ್ಟಿಯಿಂದ ಮುಚ್ಚಿಕೊಡುವೆವೆಂದು ಹೇಳಿ, ಮಗುವಿನ ಮಾತೆತ್ತಿದರೆ ಒಪ್ಪದವರು ವಿರಳ. ಒಪ್ಪದಿದ್ದರೆ ಮಗುವಿನ ಸೊಂಟಕ್ಕಿಂತ ತಗ್ಗಾದ, ಅಗಲವಾದ, ಡ್ರಾಯರಿಲ್ಲದ ಕಪಾಟನ್ನು ಆರಿಸಿಕೊಳ್ಳಬೇಕು. ಅಂಟುಪಟ್ಟಿಯ ಆಧಾರವನ್ನು ಎಂದೂ ನಂಬಬಾರದು.

ಬಿಸಿಲು, ತೇವ, ಮತ್ತು ಕಾಲ

ಈ ಕಪಾಟುಗಳಲ್ಲಿ ಬಹುಪಾಲು ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳವು. ನೀರು ತಾಗಿದರೆ ಅವು ಉಬ್ಬುತ್ತವೆ; ಉಬ್ಬಿದ ಹಲಗೆಯಲ್ಲಿ ತಿರುಪು ನಿಲ್ಲದು. ಗೋಡೆ ತೇವ ಹೀರುವ ಮನೆಗಳಲ್ಲಿ ಕಪಾಟಿನ ಬುಡವನ್ನು ಮಳೆಗಾಲದಲ್ಲಿ ಮುಟ್ಟಿ ನೋಡುವುದು ಒಳ್ಳೆಯದು. ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ವಾಸನೆ ಸೆಖೆಯಲ್ಲಿ ಹೆಚ್ಚುತ್ತದೆ. ನಮ್ಮ ಬಳ್ಳಾರಿಯ ಬೇಸಗೆಯನ್ನು ವರ್ಣಿಸಬೇಕಾದ್ದಿಲ್ಲವಷ್ಟೆ! ಹೊಸ ಕಪಾಟಿರುವ ಕೋಣೆಯ ಕಿಟಕಿಗಳನ್ನು ಕೆಲವು ದಿನ ತೆರೆದಿಟ್ಟು, ವಾಸನೆ ಇಳಿದ ಮೇಲೆ ಮಗುವನ್ನು ಅಲ್ಲಿ ಮಲಗಿಸಿರಿ.

ಭಾರದ ಪುಸ್ತಕಗಳು ಕೆಳಗೆ, ಹಗುರವಾದವು ಮೇಲೆ. ಮಗುವಿಗೆ ಪ್ರಿಯವಾದ ಬೊಂಬೆ ಅದರ ಕೈಗೆಟಕುವಲ್ಲಿಯೇ ಇರಲಿ; ಮೇಲಿಟ್ಟರೆ ಹತ್ತಲು ಕರೆದಂತೆಯೇ ಆಯಿತು. ಕಿಟಕಿಯ ಕೆಳಗಾಗಲಿ ಮಂಚದ ತಲೆಯ ಬಳಿಯಾಗಲಿ ಕಪಾಟು ಬೇಡ. ಯುಗಾದಿಗೆ ಮನೆ ಸಾರಿಸುವಾಗ ಒಮ್ಮೆ, ಆಯುಧಪೂಜೆಗೆ ಉಪಕರಣಗಳನ್ನು ಹೊರತೆಗೆದಾಗ ಒಮ್ಮೆ, ತಿರುಪುಗಳನ್ನು ಬಿಗಿಮಾಡುವ ಪದ್ಧತಿ ಇಟ್ಟುಕೊಂಡರೆ ಮರೆಯುವ ಭಯವಿಲ್ಲ.

ಮಗುವಿಗೆ “ಹತ್ತಬೇಡ” ಎಂದು ಹೇಳುವುದು ನಮ್ಮ ಧರ್ಮ. ಹತ್ತುವುದು ಅದರ ವಯೋಧರ್ಮ. ಇವೆರಡರ ನಡುವೆ ನಿಂತು ಕಾಯಬೇಕಾದದ್ದು ಎರಡು ಉಕ್ಕಿನ ಪಟ್ಟಿಗಳು, ನಾಲ್ಕು ತಿರುಪುಗಳು, ಮತ್ತು ಮನೆಯವರ ಅರ್ಧ ಗಂಟೆಯ ಶ್ರಮ. ಹಿಂದೆ ಗೋಡೆ ತಾನಾಗಿಯೇ ಕಪಾಟನ್ನು ಒಡಲಲ್ಲಿಟ್ಟುಕೊಂಡಿತ್ತು. ಇಂದು ಆ ಗೋಡೆಗೂ ಕಪಾಟಿಗೂ ಕೈಹಿಡಿಸುವ ಕೆಲಸ ತಾಯಿತಂದೆಯರದು.